ಕಾರಿನ ಸಸ್ಪೆನ್ಷನ್ ನಾನೇ ಕಟ್ಟಲೇ? ಆರು ತಿಂಗಳ ಅಳತೆ

2023ರ ದೀಪಾವಳಿ ಮುಗಿಸಿಕೊಂಡು ಗುಬ್ಬಿ ತಾಲ್ಲೂಕಿನ ನಮ್ಮ ಊರಿನಿಂದ ತುಮಕೂರಿಗೆ ವಾಪಸ್ ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಅಪ್ಪ, ಅಮ್ಮ. ಡಿಕ್ಕಿಯಲ್ಲಿ ಸುಲಿದ ತೆಂಗಿನಕಾಯಿಯ ಎರಡು ಮೂಟೆ. ಹೆದ್ದಾರಿ ಸೇರುವುದಕ್ಕೆ ಮುಂಚೆ ಶಾಲೆಯೊಂದರ ಮುಂದೆ ಒಂದು ಹಂಪ್ ಇದೆ. ಎಷ್ಟು ನಿಧಾನವಾಗಿ ಹತ್ತಿಸಿದರೂ ಸೈಲೆನ್ಸರ್ ಪೈಪ್ ಡಾಂಬರಿಗೆ ಉಜ್ಜಿತು. ಇಳಿಯುವಾಗ ಕಾರಿನ ಹಿಂಭಾಗ ಧಡ್ ಎಂದು ಕುಸಿಯಿತು, ಅಪ್ಪ ಸೊಂಟ ಹಿಡಿದುಕೊಂಡರು. ಬೈಯಲಿಲ್ಲ. “ಮುಂದಿನ ಸಲ ನಾವಿಬ್ಬರೂ ಬಸ್ಸಿನಲ್ಲೇ ಬರುತ್ತೇವೆ, ನೀನು ಕಾಯಿ ಹಾಕಿಕೊಂಡು ಬಾ” ಎಂದರು. ಆ ಮಾತು ನನ್ನನ್ನು ಆರು ತಿಂಗಳು ಬಿಡಲಿಲ್ಲ.

ಕಾರು 2009ರ ಡೀಸೆಲ್ ಸ್ವಿಫ್ಟ್. ಅಪ್ಪ ನಿವೃತ್ತಿಯ ಹಣದಲ್ಲಿ ಕೊಂಡದ್ದು, ಆಗಲೇ ಒಂದು ಲಕ್ಷ ಎಪ್ಪತ್ತು ಸಾವಿರ ಕಿ.ಮೀ. ಓಡಿತ್ತು. ನಾನು ಹಿರೇಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವವನು. ವರ್ನಿಯರ್, ಮೈಕ್ರೋಮೀಟರ್ ಕೈಯಲ್ಲಿ ಹಿಡಿದೇ ದಿನ ಕಳೆಯುತ್ತದೆ. ಹಾಗಾಗಿ ಎತ್ತರ ಹೊಂದಿಸಬಹುದಾದ ಸಸ್ಪೆನ್ಷನ್ (ಚಕ್ರಕ್ಕೂ ಕಾರಿನ ಮೈಗೂ ನಡುವಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳ ಜೋಡಣೆ) ಅನ್ನು ನಾನೇ ಏಕೆ ಕಟ್ಟಬಾರದು ಎಂಬ ಯೋಚನೆ ಬಂದದ್ದು ಅಸಹಜವೇನಲ್ಲ. ವಾರದಲ್ಲಿ ಆರು ದಿನ ಕಾರಿನಲ್ಲಿ ನಾನೊಬ್ಬನೇ. ಊರಿಗೆ ಹೋಗಿ ಬರುವ ದಿನ ಹಿಂಭಾಗಕ್ಕೆ ಇನ್ನೂರು ಕೆ.ಜಿ. ಹೆಚ್ಚುವರಿ ಹೊರೆ. ಹೊರೆ ಇರುವ ದಿನ ಎತ್ತರಿಸಿಕೊಂಡು, ಇಲ್ಲದ ದಿನ ಇಳಿಸಿಕೊಂಡರೆ ಆಯಿತು ಎಂಬುದು ನನ್ನ ಲೆಕ್ಕ.

ಮಾರುಕಟ್ಟೆಯಲ್ಲಿ ಇದಕ್ಕೆ ಕಾಯಿಲ್‌ಓವರ್ ಎನ್ನುತ್ತಾರೆ. ಶಾಕ್ ಅಬ್ಸಾರ್ಬರಿನ ಮೈಮೇಲೆ ಥ್ರೆಡ್ ಇರುತ್ತದೆ. ಸ್ಪ್ರಿಂಗ್ ಕೂರುವ ಬಟ್ಟಲು ಆ ಥ್ರೆಡ್ ಮೇಲೆ ತಿರುಗುತ್ತಾ ಏರಿಳಿಯುತ್ತದೆ, ಕೆಳಗೊಂದು ಲಾಕ್ ರಿಂಗ್ ಅದನ್ನು ಬಿಗಿಯುತ್ತದೆ. 2 ಮಿ.ಮೀ. ಪಿಚ್ ಇದ್ದರೆ ಒಂದು ಸುತ್ತಿಗೆ 2 ಮಿ.ಮೀ. ಎತ್ತರ. ಸಿದ್ಧ ಸೆಟ್‌ಗಳ ಬೆಲೆ ಕೇಳಿದಾಗ ಲಕ್ಷದ ಹತ್ತಿರ ಹೋಯಿತು. ಹದಿನಾಲ್ಕು ವರ್ಷದ ಕಾರಿಗೆ ಅಷ್ಟು ಹಾಕುವ ಮಾತೇ ಇರಲಿಲ್ಲ. ಚಿತ್ರ ನೋಡಿದರೆ ಅದರಲ್ಲಿ ಲೇತ್‌ನಲ್ಲಿ ಆಗದ ಕೆಲಸ ಏನಿದೆ ಅನ್ನಿಸಿತು.

ಅಂತರಸನಹಳ್ಳಿಯಲ್ಲಿ ಒಬ್ಬರು ಹಿರಿಯ ಟರ್ನರ್ ಇದ್ದಾರೆ. ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದವರು, ಈಗ ಒಂದೇ ಲೇತ್ ಇಟ್ಟುಕೊಂಡಿದ್ದಾರೆ. ನಾವೆಲ್ಲ ಅವರನ್ನು ಯಜಮಾನರು ಎಂದೇ ಕರೆಯುವುದು. ನನ್ನ ಚಿತ್ರ ನೋಡಿ ಅವರು ಹೇಳಿದರು: “ಥ್ರೆಡ್ ಹಾಕಿಕೊಡುವುದು ನನಗೆ ಅರ್ಧ ದಿನದ ಕೆಲಸ ಕಣಪ್ಪ. ಯಾವುದನ್ನು ಎಷ್ಟು ಎತ್ತಬೇಕು ಎಂದು ಮೊದಲು ಅಳೆದುಕೊಂಡು ಬಾ. ಲೋಹ ಕೊಯ್ದ ಮೇಲೆ ಮತ್ತೆ ಅಂಟಿಸಲು ಬರುವುದಿಲ್ಲ.”

ಅಳತೆಯಿಂದ ಶುರು ಮಾಡಿದೆ. ಎತ್ತರವನ್ನು ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ಚಕ್ರದ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಬೇಕು. ಹಿಂದಿನ ಚಕ್ರದಲ್ಲಿ ಖಾಲಿ ಕಾರಿಗೆ ಎಡಕ್ಕೆ 352 ಮಿ.ಮೀ., ಬಲಕ್ಕೆ 350. ಅಪ್ಪ, ಅಮ್ಮ, ಎರಡು ಮೂಟೆ ಸೇರಿದಾಗ 301. ಐವತ್ತು ಮಿ.ಮೀ. ಕುಸಿತ. ಆ ಹಂಪನ್ನೂ ಒಂದು ಭಾನುವಾರ ಟೇಪ್ ಹಿಡಿದು ಅಳೆದೆ: ಎತ್ತರ 15 ಸೆಂ.ಮೀ., ಅಗಲ 90 ಸೆಂ.ಮೀ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1988ರ ಮಾರ್ಗಸೂಚಿ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲದ್ದು. ಅದರ ಮೇಲೆ ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬಹುದು. ನನ್ನ ಕಾರಿನ ನೆಲದಂತರ ಖಾಲಿ ಇದ್ದಾಗ, ಅದೂ ಹೊಸದಾಗಿದ್ದಾಗ, 170 ಮಿ.ಮೀ. ಹೊರೆ ಹೊತ್ತ ಮೇಲೆ 150 ಮಿ.ಮೀ. ಗುಡ್ಡ ಎರಡು ಚಕ್ರಗಳ ನಡುವೆ ಬಂದರೆ ಉಜ್ಜದೆ ಬೇರೆ ದಾರಿಯಿಲ್ಲ. ಶಾಲೆಯ ಮುಂದೆ ಹಂಪ್ ಬೇಕು, ಮಕ್ಕಳು ಓಡಾಡುವ ಜಾಗ. ಆದರೆ ಅದನ್ನು ಅಳತೆಯಿಲ್ಲದೆ ಕಟ್ಟಿದ್ದಾರಲ್ಲ ಎಂಬ ನೋವು ನನಗೆ ಈಗಲೂ ಇದೆ.

ಮುಂದಿನದು ತೂಕ. ಲಾರಿಗಳ ವೇಬ್ರಿಡ್ಜ್‌ನಲ್ಲಿ ಮುಂದಿನ ಎರಡು ಚಕ್ರಗಳನ್ನಷ್ಟೇ ಹತ್ತಿಸಿ ನಿಲ್ಲಿಸಿದರೆ ಮುಂಭಾಗದ ತೂಕ ಸಿಗುತ್ತದೆ. ನಾನು ಕುಳಿತಂತೆ 670 ಕೆ.ಜಿ. ಬಂತು. ಒಂದು ಚಕ್ರಕ್ಕೆ 335. ಚಕ್ರ, ಬ್ರೇಕ್ ಮುಂತಾಗಿ ಸ್ಪ್ರಿಂಗ್‌ನ ಕೆಳಗೆ ಇರುವುದನ್ನು ಕಳೆದರೆ ಸುಮಾರು 300 ಕೆ.ಜಿ.ಯನ್ನು ಒಂದು ಸ್ಪ್ರಿಂಗ್ ಹೊರುತ್ತದೆ.

ಸ್ಪ್ರಿಂಗ್‌ನ ಬಿಗಿತ ತಿಳಿಯುವುದಕ್ಕೆ ಗೆಳೆಯನ ಕೊಬ್ಬರಿ ಮಂಡಿಯ ಪ್ಲಾಟ್‌ಫಾರಂ ತಕ್ಕಡಿ ನೆರವಾಯಿತು. ಗ್ಯಾರೇಜಿನಲ್ಲಿ ಮುಂದಿನ ಸ್ಟ್ರಟ್, ಅಂದರೆ ಸ್ಪ್ರಿಂಗ್ ಹೊತ್ತ ಶಾಕ್ ಅಬ್ಸಾರ್ಬರ್, ಬಿಚ್ಚಿ ಸ್ಪ್ರಿಂಗ್ ತೆಗೆಸಿದೆ. (ಇದನ್ನು ಮನೆಯಲ್ಲಿ ಹಗ್ಗ, ತಂತಿ ಕಟ್ಟಿ ಬಿಚ್ಚಲು ಯಾರೂ ಹೋಗಬಾರದು, ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ಕೈ ಉಳಿಯುವುದಿಲ್ಲ.) ತಕ್ಕಡಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಸ್ಕ್ರೂ ಜಾಕ್‌ನಿಂದ ಸ್ಪ್ರಿಂಗನ್ನು 40 ಮಿ.ಮೀ. ಒತ್ತಿದಾಗ ತಕ್ಕಡಿ 82 ಕೆ.ಜಿ. ಹೆಚ್ಚು ತೋರಿಸಿತು. ಅಂದರೆ ಒಂದು ಮಿಲಿಮೀಟರಿಗೆ 20 ನ್ಯೂಟನ್‌ಗಿಂತ ಚೂರು ಹೆಚ್ಚು. ಪುಸ್ತಕದ ಸೂತ್ರದಲ್ಲಿ ಇಟ್ಟು ನೋಡಿದೆ: ತಂತಿಯ ದಪ್ಪ 11.5 ಮಿ.ಮೀ., ಸುರುಳಿಯ ಸರಾಸರಿ ವ್ಯಾಸ 128, ಕೆಲಸ ಮಾಡುವ ಸುತ್ತು 4. ಉತ್ತರ 20.6. ಮಂಡಿಯ ತಕ್ಕಡಿಗೂ ಸೂತ್ರಕ್ಕೂ ಇಷ್ಟು ಹೊಂದಿಕೆ ಬಂದಾಗ ಆ ರಾತ್ರಿ ನನಗಾದ ಸಂತೋಷವನ್ನು ಹೆಂಡತಿಗೆ ವಿವರಿಸಲು ಒದ್ದಾಡಿದೆ.

ಈ ಸೂತ್ರದಲ್ಲಿ ಒಂದು ಗುಟ್ಟಿದೆ, ಸ್ಪ್ರಿಂಗ್ ಮುಟ್ಟುವವರೆಲ್ಲ ತಿಳಿದಿರಬೇಕಾದದ್ದು. ಬಿಗಿತವು ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 11 ಮಿ.ಮೀ. ತಂತಿಯ ಬದಲು 12 ಮಿ.ಮೀ. ಹಾಕಿದರೆ ಬಿಗಿತ ಶೇಕಡ 9 ಅಲ್ಲ, ಶೇಕಡ 40ಕ್ಕೂ ಹೆಚ್ಚು ಏರುತ್ತದೆ. ಸುತ್ತುಗಳು ಕಡಿಮೆಯಾದರೂ ಏರುತ್ತದೆ. ಕಾರು ತಗ್ಗಾಗಿ ಕಾಣಲೆಂದು ಹುಡುಗರು ಸ್ಪ್ರಿಂಗ್‌ನ ಒಂದು ಸುತ್ತು ಕತ್ತರಿಸಿದಾಗ ಕಾರು ಕುಲುಕುವುದು ಇದೇ ಕಾರಣಕ್ಕೆ. ಗ್ಯಾರೇಜಿನವರು ನನಗೆ ಸೂಚಿಸಿದ ಸುಲಭೋಪಾಯ, ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್, ಮಾಡುವುದೂ ಅದನ್ನೇ: ಒಂದು ಸುತ್ತನ್ನು ಕೆಲಸದಿಂದ ಹೊರಗಿಟ್ಟು ಅದರ ಪಾಲಿನ ಬಾಗುವಿಕೆಯನ್ನು ಉಳಿದವುಗಳ ಮೇಲೆ ಹೇರುತ್ತದೆ. “ಸಾವಿರ ರೂಪಾಯಿಯಲ್ಲಿ ಮುಗಿಯುತ್ತದೆ ಸರ್” ಎಂದರು. ನಾನು ಬೇಡವೆಂದೆ.

ಸ್ಪ್ರಿಂಗ್ ಬಿಗಿತಕ್ಕೂ ಹೊರುವ ತೂಕಕ್ಕೂ ಇರುವ ಸಂಬಂಧದಿಂದ ಕಾರಿನ ತೂಗಾಟದ ಲಯ ಸಿಗುತ್ತದೆ. ನನ್ನ ಲೆಕ್ಕದಲ್ಲಿ ಅದು ಸೆಕೆಂಡಿಗೆ 1.3 ಸಲ. ಸಾಮಾನ್ಯ ಪ್ರಯಾಣಿಕ ಕಾರುಗಳು 1ರಿಂದ 1.5ರ ನಡುವೆ ಇರುತ್ತವೆ. ನಡಿಗೆಯ ಲಯಕ್ಕೆ ಹತ್ತಿರವಾದ್ದರಿಂದ ದೇಹಕ್ಕೆ ಹಿತ. ನಾನು ಬೆಲೆ ಕೇಳಿದ್ದ ಕಾಯಿಲ್‌ಓವರ್ ಸೆಟ್ ಒಂದರ ಸ್ಪ್ರಿಂಗ್ ಮಿಲಿಮೀಟರಿಗೆ 5 ಕೆ.ಜಿ., ಅಂದರೆ ಸುಮಾರು 49 ನ್ಯೂಟನ್. ಅದನ್ನು ಹಾಕಿದ್ದರೆ ಲಯ 2ಕ್ಕೆ ಏರುತ್ತಿತ್ತು. ಅದು ಸ್ಪರ್ಧೆಯ ಕಾರಿನ ಕಡೆಗೆ ವಾಲುವ ಅಂಕಿ, ಅಪ್ಪನ ಸೊಂಟಕ್ಕೆ ಒಗ್ಗುವುದಲ್ಲ. ಒಮ್ಮೆ ಕೆ-1000 ರ‍್ಯಾಲಿ ನಮ್ಮ ತುಮಕೂರಿನ ಸುತ್ತ ನಡೆದಾಗ ಕಾರುಗಳನ್ನು ಹತ್ತಿರದಿಂದ ನೋಡಿದ್ದೆ. ಮಣ್ಣಿನ ಹಾದಿಗೆಂದು ಅವುಗಳನ್ನು ಎತ್ತರಿಸಿಯೇ ಇರುತ್ತಾರೆ, ತಗ್ಗಿಸುವುದಿಲ್ಲ. ಅಲ್ಲಿನ ಮೆಕ್ಯಾನಿಕ್‌ಗಳು ಸಸ್ಪೆನ್ಷನ್ನಿನ ಬಟ್ಟಲು ತಿರುಗಿಸಿದ ಪ್ರತಿ ಸುತ್ತನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಹೊಂದಿಸುವುದು ಅವರ ದಿನದ ಕೆಲಸ.

ಜನವರಿ ಹೊತ್ತಿಗೆ ಯಜಮಾನರು ಒಂದು ಸ್ಲೀವ್ ಮಾಡಿಕೊಟ್ಟರು. ಅಲ್ಯೂಮಿನಿಯಂ ಕೊಳವೆ, ಹೊರಗೆ 2 ಮಿ.ಮೀ. ಪಿಚ್ ಥ್ರೆಡ್, ಜೊತೆಗೆ ಬಟ್ಟಲು ಮತ್ತು ಲಾಕ್ ರಿಂಗ್. ಎಷ್ಟು ನುಣುಪಾಗಿತ್ತೆಂದರೆ ರಿಂಗ್ ತನ್ನ ತೂಕಕ್ಕೇ ತಿರುಗುತ್ತಾ ಇಳಿಯುತ್ತಿತ್ತು. ಆ ವಾರವೆಲ್ಲ ಮನಸ್ಸು ‘ಕಟ್ಟುವುದೇ ಸರಿ’ ಎಂಬ ಕಡೆಗೇ ಇತ್ತು.

ಅದನ್ನು ಕೂರಿಸುವ ಜಾಗ ನೋಡುವಾಗ ತೊಡಕುಗಳು ಒಂದೊಂದಾಗಿ ಕಂಡವು. ಮುಂದಿನದು ಬರೀ ಶಾಕ್ ಅಬ್ಸಾರ್ಬರ್ ಅಲ್ಲ, ಮ್ಯಾಕ್‌ಫರ್ಸನ್ ಸ್ಟ್ರಟ್. ಫೋರ್ಡ್ ಕಂಪನಿಯಲ್ಲಿದ್ದ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ವಿನ್ಯಾಸ. 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಕಾರಿನಲ್ಲಿ ಬಂದದ್ದು ಇಂದು ಹೆಚ್ಚಿನ ಸಣ್ಣ ಕಾರುಗಳಲ್ಲಿದೆ. ಅದರ ಜಾಣತನವೆಂದರೆ ಮೇಲಿನ ತೋಳನ್ನು ತೆಗೆದುಹಾಕಿ, ಆ ಕೆಲಸವನ್ನೂ ಶಾಕ್ ಅಬ್ಸಾರ್ಬರಿಗೇ ವಹಿಸಿದ್ದು. ಅಂದರೆ ಚಕ್ರವನ್ನು ನೆಟ್ಟಗೆ ಹಿಡಿದಿರುವುದೂ ಇದೇ ಕೊಳವೆ. ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಬಾಗಿದಾಗ ಪಕ್ಕದಿಂದ ಬೀಳುವ ಬಲವನ್ನು ಇದರ ದಂಡ ತಡೆಯಬೇಕು. ಅದಕ್ಕೇ ಮಾಮೂಲಿ ಶಾಕ್‌ನ ದಂಡಕ್ಕಿಂತ ಸ್ಟ್ರಟ್‌ನ ದಂಡ ಬಹಳ ದಪ್ಪ.

ಸ್ಲೀವ್ ಇಳಿಸಬೇಕಾದರೆ ಸ್ಟ್ರಟ್‌ಗೆ ಬೆಸೆದಿರುವ ಮೂಲ ಬಟ್ಟಲನ್ನು ಗ್ರೈಂಡರ್‌ನಲ್ಲಿ ಕತ್ತರಿಸಬೇಕು, ಕೆಳಗೆ ಆಸರೆಗೆ ಹೊಸ ರಿಂಗ್ ವೆಲ್ಡ್ ಮಾಡಬೇಕು. ಒಳಗೆ ಎಣ್ಣೆ, ಒತ್ತಡದ ಅನಿಲ. ಕಾಯಿಸಿದರೆ ಸೀಲ್ ಸುಡುತ್ತದೆ, ಸಿಡಿಯಲೂಬಹುದು. ಎಲ್ಲವೂ ಸರಿಯಾಯಿತು ಎಂದುಕೊಂಡರೂ, ಗ್ರೈಂಡರ್ ತೆಳು ಗೋಡೆಯ ಮೇಲೆ ಬಿಟ್ಟ ಒಂದು ಗೀರು ಸಾಕು. ಲೋಹದ ಬಿರುಕು ಅಂಥ ಗೀರಿನಿಂದಲೇ ಹುಟ್ಟುತ್ತದೆ. ನಮ್ಮ ಕಾರ್ಖಾನೆಯಲ್ಲಿ ಇಂಥ ಗೀರಿರುವ ಭಾಗ ಬಂದರೆ ನಾನು ಕೆಂಪು ಚೀಟಿ ಅಂಟಿಸಿ ಪಕ್ಕಕ್ಕಿಡುತ್ತೇನೆ. ಅಂಥದ್ದನ್ನು ಹೆದ್ದಾರಿಯಲ್ಲಿ ಅಮ್ಮ ಕುಳಿತಿರುವ ಕಾರಿಗೆ ಹೇಗೆ ಹಾಕಲಿ?

ಸ್ಪ್ರಿಂಗ್ ಹೊಸದಾಗಿ ಮಾಡಿಸುವ ದಾರಿಯನ್ನೂ ವಿಚಾರಿಸಿದೆ. ಪೀಣ್ಯದ ಒಂದು ಘಟಕದವರು ಸುತ್ತಿಕೊಡುವುದು ಕಷ್ಟವಲ್ಲ ಎಂದರು. ಆದರೆ ಸುತ್ತಿದ ಮೇಲೆ ಹದ ಕಾಯಿಸಬೇಕು, ಮೇಲ್ಮೈಗೆ ಸಣ್ಣ ಉಕ್ಕಿನ ಗುಂಡುಗಳ ಹೊಡೆತ ಕೊಡಬೇಕು, ಪೂರ್ತಿ ಅದುಮಿ ಬಿಟ್ಟು ಮೊದಲೇ ಕುಗ್ಗಿಸಬೇಕು. ಇವಿಲ್ಲದ ಸ್ಪ್ರಿಂಗ್ ಕೆಲವೇ ತಿಂಗಳಲ್ಲಿ ಕುಸಿಯುತ್ತದೆ ಇಲ್ಲವೇ ಮುರಿಯುತ್ತದೆ. ನಾಲ್ಕು ಸ್ಪ್ರಿಂಗ್‌ಗಾಗಿ ಇಷ್ಟೆಲ್ಲ ಮಾಡುವುದು ಅವರಿಗೆ ಗಿಟ್ಟುವುದಿಲ್ಲ ಎಂಬುದನ್ನು ಮರ್ಯಾದೆಯಿಂದ ತಿಳಿಸಿದರು.

ನಾನು ಪೂರ್ತಿ ಸೋತದ್ದು ಶಾಕ್‌ನ ಒಳಗಿನ ವಿಷಯದಲ್ಲಿ. ಸ್ಪ್ರಿಂಗ್ ಬದಲಾದರೆ ಅದರ ತೂಗಾಟವನ್ನು ಅಡಗಿಸುವ ಬಲವೂ ಬದಲಾಗಬೇಕು. ಸ್ಪ್ರಿಂಗ್ ಎರಡು ಪಟ್ಟು ಬಿಗಿಯಾದರೆ ಶಾಕ್ ಸುಮಾರು 1.4 ಪಟ್ಟು ಬಿಗಿಯಾಗಬೇಕು. ಅದನ್ನು ನಿರ್ಧರಿಸುವುದು ಒಳಗಿನ ಪಿಸ್ಟನ್ ಮೇಲಿರುವ ತೆಳು ಉಕ್ಕಿನ ಬಿಲ್ಲೆಗಳು. ಕೂದಲೆಳೆಯಷ್ಟು ದಪ್ಪದ ವ್ಯತ್ಯಾಸವೂ ಗೊತ್ತಾಗುತ್ತದೆ. ಅದು ಸರಿಯಾಗಿದೆಯೇ ಎಂದು ಹೇಳಲು ಶಾಕನ್ನು ಬೇರೆ ಬೇರೆ ವೇಗದಲ್ಲಿ ಒತ್ತಿ, ಎಳೆದು, ಬಲ ದಾಖಲಿಸುವ ಯಂತ್ರ ಬೇಕು. ಸ್ಪ್ರಿಂಗ್ ಅಳೆಯಲು ಕೊಬ್ಬರಿ ತಕ್ಕಡಿ ಸಾಕಾಯಿತು. ಇದಕ್ಕೆ ಅಂಥ ಉಪಾಯ ಯಾವುದೂ ಹೊಳೆಯಲಿಲ್ಲ. ಅಳೆಯಲಾಗದ್ದನ್ನು ನಾನು ತಯಾರಿಸಿದ್ದೇನೆ ಎಂದು ಹೇಗೆ ಹೇಳಲಿ?

ಹಾಗಾದರೆ ಹಿಂದಿನದನ್ನಷ್ಟೇ ಮಾಡೋಣ ಎಂದುಕೊಂಡೆ. ಈ ಕಾರಿನ ಹಿಂಭಾಗದಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಎರಡು ಚಕ್ರಗಳನ್ನು ಒಂದು ಅಡ್ಡ ತೊಲೆ ಕೂಡಿಸುತ್ತದೆ. ಸ್ಪ್ರಿಂಗ್‌ನ ಕೆಳಗೆ ಎತ್ತರ ಹೊಂದಿಸುವ ಬಟ್ಟಲು ಇಟ್ಟರೆ ಕೊಯ್ಯುವುದೂ ಬೇಡ, ಬೆಸೆಯುವುದೂ ಬೇಡ. ಇದು ನಿಜಕ್ಕೂ ಆಗುವ ಕೆಲಸ. ಆದರೆ ಎತ್ತರಿಸಿದರೆ ಸ್ಪ್ರಿಂಗ್ ಬಿಗಿಯಾಗುತ್ತದೆ ಎಂಬ ತಪ್ಪು ತಿಳಿವಳಿಕೆ ನನಗೂ ಇತ್ತು. ಬಿಗಿಯಾಗುವುದಿಲ್ಲ, ಕಾರು ನಿಲ್ಲುವ ಮಟ್ಟ ಮಾತ್ರ ಮೇಲೇರುತ್ತದೆ. ಮೇಲೇರಿದಷ್ಟೂ ಚಕ್ರ ಕೆಳಗೆ ಜೋಲುವ ಅವಕಾಶ ಕಡಿಮೆಯಾಗುತ್ತದೆ. ಹೊರೆಗೆಂದು 25 ಮಿ.ಮೀ. ಎತ್ತರಿಸಿ, ಮಾರನೆಯ ದಿನ ಖಾಲಿ ಕಾರಿನಲ್ಲಿ ಗುಂಡಿಯ ಮೇಲೆ ಹೋದರೆ ಚಕ್ರ ಗುಂಡಿಯ ತಳ ಮುಟ್ಟುವ ಮೊದಲೇ ಶಾಕ್ ಪೂರ್ತಿ ಚಾಚಿ ಟಕ್ ಎಂದು ನಿಲ್ಲುತ್ತದೆ. ಹಾಗಾಗಿ ಪ್ರತಿ ಭಾನುವಾರ ಏರಿಸಿ ಪ್ರತಿ ಸೋಮವಾರ ಇಳಿಸಬೇಕು. ಜಾಕ್ ಕೊಟ್ಟು, ಚಕ್ರ ಬಿಚ್ಚಿ, ಧೂಳು ಹಿಡಿದ ಥ್ರೆಡ್ ತೊಳೆದು, ಎಡಬಲ ಸಮ ಮಾಡಿ. ಮುಂದಿನ ಚಕ್ರಗಳಿಗಾದರೆ ಎತ್ತರ ಬದಲಿಸಿದಾಗಲೆಲ್ಲ ಚಕ್ರಗಳ ಕೋನವೂ ಬದಲಾಗಿ ವೀಲ್ ಅಲೈನ್‌ಮೆಂಟ್ ಮಾಡಿಸಬೇಕಾಗುತ್ತಿತ್ತು. ರ‍್ಯಾಲಿಯ ಮೆಕ್ಯಾನಿಕ್‌ಗಳು ಮಾಡುವ ಕೆಲಸವನ್ನು ನಾನು ವಾರವಾರವೂ ಮಾಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಒಮ್ಮೆ ಒಂದು ಎತ್ತರಕ್ಕೆ ತಿರುಗಿಸಿ, ಹಾಗೇ ಬಿಡುತ್ತಿದ್ದೆ.

ಕಾನೂನನ್ನೂ ಓದಿಕೊಂಡೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ, ಅದರ ಬಗ್ಗೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಎರಡೂ ಹೇಳುವುದು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಬಾರದು ಎಂದು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ನನ್ನ ಕಾರಿಗೆ 2024ರ ಮೇನಲ್ಲಿ ಹದಿನೈದು ವರ್ಷ ತುಂಬುತ್ತಿತ್ತು. ಆರ್‌ಟಿಒ ತಪಾಸಣೆ ಆಗಿ ನೋಂದಣಿ ನವೀಕರಣವಾಗಬೇಕಿತ್ತು. ಅಪಘಾತವಾದರೆ ವಿಮೆಯವರು ಏನು ಕೇಳುತ್ತಾರೆ ಎಂಬುದನ್ನು ಊಹಿಸಲು ಕಷ್ಟಪಡಬೇಕಿರಲಿಲ್ಲ.

ಫೆಬ್ರುವರಿಯ ಒಂದು ಸಂಜೆ ಇದನ್ನೆಲ್ಲ ಯಜಮಾನರ ಮುಂದೆ ಹರಡಿ ಕುಳಿತಿದ್ದೆ. ಅವರು ನನ್ನ ಪುಸ್ತಕ ತಿರುವಿ ನೋಡಿ ಕೇಳಿದರು: “352 ಎಂದು ಬರೆದಿದ್ದೀಯ. ಇದು ಎಷ್ಟಿರಬೇಕಿತ್ತು? ಮಾಸ್ಟರ್ ಪೀಸ್ ಎಲ್ಲಿ?”

ಅಳತೆಯೇ ವೃತ್ತಿಯಾದವನಿಗೆ ಕೇಳಬಾರದ ಪ್ರಶ್ನೆ ಅದು. ಹೋಲಿಸಲು ಸರಿಯಾದ ತುಣುಕಿಲ್ಲದೆ ನಾವು ಕಾರ್ಖಾನೆಯಲ್ಲಿ ಒಂದು ಬುಷ್‌ನ ವ್ಯಾಸವನ್ನೂ ಒಪ್ಪುವುದಿಲ್ಲ. ಮೂರು ತಿಂಗಳಿಂದ ಸುಸ್ತಾದ ಕಾರನ್ನೇ ಸರಿಯಾದ ಕಾರೆಂದು ಭಾವಿಸಿ ಅದರ ಮೇಲೆ ಲೆಕ್ಕ ಕಟ್ಟುತ್ತಿದ್ದೆ. ಮಾರನೆಯ ದಿನವೇ ಕಂಪನಿಯ ಹೊಸ ಹಿಂದಿನ ಸ್ಪ್ರಿಂಗ್ ಒಂದು ಜೊತೆ ತಂದು, ಹಳೆಯದನ್ನು ಬಿಚ್ಚಿಸಿ, ಸರ್ಫೇಸ್ ಪ್ಲೇಟ್ ಮೇಲೆ ಅಕ್ಕಪಕ್ಕ ನಿಲ್ಲಿಸಿದೆ. ಹಳೆಯದು 14 ಮಿ.ಮೀ. ಗಿಡ್ಡ. ಅದೇ ತಕ್ಕಡಿಯ ಮೇಲೆ ಎರಡನ್ನೂ ಒತ್ತಿದರೆ ಬಿಗಿತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವರ್ಷಗಳ ಹೊರೆಯಲ್ಲಿ ಸ್ಪ್ರಿಂಗ್ ಕಳೆದುಕೊಳ್ಳುವುದು ಎತ್ತರವನ್ನು, ಬಿಗಿತವನ್ನಲ್ಲ. ಸ್ಪ್ರಿಂಗ್ ಕೂರುವುದು ಚಕ್ರಕ್ಕಿಂತ ತುಸು ಒಳಗೆ, ತೊಲೆಯ ಕೀಲಿನ ಕಡೆಗೆ. ಅದರಿಂದ ಅಲ್ಲಿನ 14 ಮಿ.ಮೀ. ಚಕ್ರದ ಬಳಿ 16-17 ಆಗುತ್ತದೆ. ನಾನು ಥ್ರೆಡ್ ಕೊರೆದು ಎತ್ತಬೇಕೆಂದಿದ್ದ ಎತ್ತರದ ದೊಡ್ಡ ಪಾಲು ಅಲ್ಲಿಯೇ ಇತ್ತು.

ಹಿಂದಿನ ಶಾಕ್‌ಗಳ ಕಥೆ ಇನ್ನೂ ಕೆಟ್ಟದಾಗಿತ್ತು. ದಂಡವನ್ನು ಕೈಯಿಂದ ಒತ್ತಿದರೆ ಒಳಗೆ ಹೋಯಿತು, ಎಳೆದರೆ ತಡೆಯೇ ಇಲ್ಲದೆ ಹೊರಗೆ ಬಂತು. ಹೊಸದನ್ನು ಎಳೆಯಲು ಎರಡೂ ಕೈ ಬೇಕಾಯಿತು. ಒಳಗಿನ ಬಂಪ್ ಸ್ಟಾಪ್, ಅಂದರೆ ಕಾರು ಪೂರ್ತಿ ಕುಸಿದಾಗ ಹೊಡೆತ ತಡೆಯುವ ಮೆತ್ತೆ, ಪುಡಿಪುಡಿಯಾಗಿತ್ತು. ಅಪ್ಪನ ಸೊಂಟಕ್ಕೆ ಬಿದ್ದ ಆ ಧಡ್ ಲೋಹಕ್ಕೆ ಲೋಹ ತಾಗಿದ್ದು.

ಮಾರ್ಚ್ ಮೊದಲ ವಾರ ತೀರ್ಮಾನಿಸಿದೆ: ಕಟ್ಟುವುದಿಲ್ಲ. ನಾಲ್ಕೂ ಸ್ಪ್ರಿಂಗ್, ಮುಂದಿನ ಸ್ಟ್ರಟ್ ಎರಡು, ಹಿಂದಿನ ಶಾಕ್ ಎರಡು, ಮೇಲಿನ ಮೌಂಟ್‌ಗಳು, ಬಂಪ್ ಸ್ಟಾಪ್‌ಗಳು, ಕೆಳತೋಳಿನ ರಬ್ಬರ್ ಬುಷ್‌ಗಳು, ಎಲ್ಲವೂ ಕಂಪನಿಯ ಮೂಲ ಭಾಗಗಳೇ. ಕೂಲಿ, ಅಲೈನ್‌ಮೆಂಟ್ ಸೇರಿ ಹದಿನೇಳು ಸಾವಿರದ ಒಳಗೆ ಮುಗಿಯಿತು. ಬುಷ್‌ಗಳ ಬೋಲ್ಟನ್ನು ಕಾರು ಜಾಕ್ ಮೇಲೆ ತೂಗುತ್ತಿರುವಾಗ ಬಿಗಿಯದೆ, ಚಕ್ರ ನೆಲಕ್ಕಿಳಿದ ಮೇಲೆ ಕೊನೆಯ ಬಿಗಿತ ಕೊಡಿಸಿದೆ. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಮೆಕ್ಯಾನಿಕ್‌ಗೆ ಇದು ಅವಸರದ ದಿನ ಅನಗತ್ಯ ಕೆಲಸವೆನಿಸಿತು, ನಾನು ಪಕ್ಕದಲ್ಲಿ ನಿಂತೇ ಮಾಡಿಸಿದೆ.

ಖಾಲಿ ಕಾರಿನ ಹಿಂದಿನ ಎತ್ತರ ಈಗ ಎಡಕ್ಕೆ 368, ಬಲಕ್ಕೆ 367. ಯುಗಾದಿಗೆ ಊರಿಗೆ ಹೋಗಿ ಬರುವಾಗ ಅಪ್ಪ ಅಮ್ಮ ಹಿಂದೆಯೇ ಕುಳಿತರು, ಕಾಯಿ ಮಾತ್ರ ಒಂದೇ ಮೂಟೆ. ಇನ್ನೊಂದನ್ನು ಪರಿಚಯದವರ ಗೂಡ್ಸ್ ಆಟೋದಲ್ಲಿ ಕಳಿಸಿದೆ. ಶಾಲೆಯ ಮುಂದಿನ ಹಂಪನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿದೆ. ಪೈಪ್ ತಾಗಲಿಲ್ಲ. ಇಳಿದ ಮೇಲೆ ಕಾರು ಒಮ್ಮೆ ಬಗ್ಗಿ ಎದ್ದು ನಿಂತಿತು. ಅಪ್ಪ ಏನೂ ಹೇಳಲಿಲ್ಲ. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಮನೆಗೆ ಹೋಗೋಣ ಎಂದರು.

ಮೇ ತಿಂಗಳ ತಪಾಸಣೆಯಲ್ಲಿ ಕಾರು ಪಾಸಾಗಿ ಐದು ವರ್ಷಕ್ಕೆ ನೋಂದಣಿ ಸಿಕ್ಕಿತು. ಯಜಮಾನರು ಮಾಡಿಕೊಟ್ಟ ಸ್ಲೀವ್ ನನ್ನ ಮೇಜಿನ ಮೇಲಿದೆ, ಹೊಸದಾಗಿ ಸೇರುವ ಹುಡುಗರಿಗೆ ಥ್ರೆಡ್ ಅಳೆಯಲು ಕಲಿಸುವಾಗ ಅದನ್ನೇ ಕೊಡುತ್ತೇನೆ. ಪ್ರತಿ ತಿಂಗಳ ಮೊದಲ ಭಾನುವಾರ ನಾಲ್ಕೂ ಚಕ್ರಗಳ ಎತ್ತರ ಬರೆದಿಡುತ್ತೇನೆ. ಕಳೆದ ತಿಂಗಳು ಹಿಂದಿನ ಎಡ ಚಕ್ರ 366ಕ್ಕೆ ಬಂದಿದೆ.